ಫೆರಿಟಿನ್ 640 ಇದ್ದರೂ ಐರನ್ ಇಂಜೆಕ್ಷನ್ ಬೇಕೆ?

ಪ್ರಶ್ನೆ: ನಮ್ಮ ತಂದೆಗೆ ಮೂರು ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ. ಹಿಮೋಗ್ಲೋಬಿನ್ 8.4ಕ್ಕೆ ಇಳಿದಿದೆ. ಆದರೆ ಫೆರಿಟಿನ್ 640 ಇದೆ, ರಿಪೋರ್ಟಿನಲ್ಲಿ ‘ಹೆಚ್ಚು’ ಎಂದು ಗುರುತು ಹಾಕಿದ್ದಾರೆ. ಆದರೂ ಡಾಕ್ಟರು ಐರನ್ ಇಂಜೆಕ್ಷನ್ ಕೊಡೋಣ ಅನ್ನುತ್ತಾರೆ. ಇಷ್ಟು ಕಬ್ಬಿಣ ಇರುವಾಗ ಮತ್ತೆ ಕೊಡುವುದು ಸರಿಯೇ?

ಉತ್ತರ: ಸರಿಯಿರಬಹುದು. ಫೆರಿಟಿನ್ ಒಂದನ್ನೇ ನೋಡಿ ತೀರ್ಮಾನಿಸಲು ಬರುವುದಿಲ್ಲ.

ಫೆರಿಟಿನ್ ಎಂದರೆ ಜೀವಕೋಶಗಳಲ್ಲಿ ಕಬ್ಬಿಣವನ್ನು ಕೂಡಿಡುವ ಪ್ರೋಟೀನು. ಅದರಲ್ಲಿ ಸ್ವಲ್ಪ ರಕ್ತಕ್ಕೂ ಬರುತ್ತದೆ. ಲ್ಯಾಬಿನವರು ಅಳೆಯುವುದು ಅದನ್ನೇ. ಆರೋಗ್ಯವಂತರಲ್ಲಿ ಅದು ಮೈಯೊಳಗಿನ ದಾಸ್ತಾನನ್ನು ಸರಿಯಾಗಿಯೇ ತೋರಿಸುತ್ತದೆ. ಆದರೆ ಸೋಂಕು, ಉರಿಯೂತ, ಲಿವರ್ ತೊಂದರೆ ಇದ್ದಾಗಲೂ ಫೆರಿಟಿನ್ ಏರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಉರಿಯೂತ ತೀರಾ ಸಾಮಾನ್ಯ. ಕತ್ತಿನ ಕ್ಯಾತಿಟರ್ ಅಥವಾ ವಸಡಿನ ಸೋಂಕೇ ಸಾಕು. ಹಾಗಾಗಿ ಫೆರಿಟಿನ್ 100ಕ್ಕಿಂತ ಕಡಿಮೆ ಇದ್ದರೆ ಕೊರತೆ ಇದೆ ಎಂದು ಧೈರ್ಯವಾಗಿ ಹೇಳಬಹುದು. 640 ಇದ್ದರೆ ಕೊರತೆ ಇಲ್ಲವೆಂದು ಅಷ್ಟೇ ಧೈರ್ಯದಿಂದ ಹೇಳಲಾಗದು.

ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಅದು ಕೂಡಿಟ್ಟ ಕಬ್ಬಿಣವನ್ನು ಹೊರಗೆ ಬಿಡುವುದಿಲ್ಲ, ಕರುಳು ಹೀರಿಕೊಳ್ಳುವುದನ್ನೂ ತಡೆಯುತ್ತದೆ. ಕಣಜ ತುಂಬಿದೆ, ಬಾಗಿಲಿಗೆ ಬೀಗ ಬಿದ್ದಿದೆ. ಈ ರೋಗಿಗಳಿಗೆ ಕಬ್ಬಿಣದ ಮಾತ್ರೆ ಅಷ್ಟಾಗಿ ಹಿಡಿಯದಿರುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ಡಯಾಲಿಸಿಸ್ ಯಂತ್ರದಲ್ಲಿ ಉಳಿಯುವ ರಕ್ತ, ಪದೇಪದೇ ಮಾಡಿಸುವ ಪರೀಕ್ಷೆಗಳಿಂದ ವರ್ಷಕ್ಕೆ ಸುಮಾರು 1ರಿಂದ 3 ಗ್ರಾಂ ಕಬ್ಬಿಣ ನಷ್ಟವಾಗುತ್ತದೆ.

ಅದಕ್ಕೇ ಫೆರಿಟಿನ್ ಜೊತೆಗೆ ಟಿಸ್ಯಾಟ್ ನೋಡಬೇಕು. ಕಬ್ಬಿಣವನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ ಅದು. ರಿಪೋರ್ಟಿನಲ್ಲಿ ಸೀರಮ್ ಐರನ್ 36, ಟಿಐಬಿಸಿ (ಟ್ರಾನ್ಸ್‌ಫೆರಿನ್ ಒಟ್ಟು ಹೊರಬಲ್ಲ ಕಬ್ಬಿಣ) 200 ಎಂದಿದ್ದರೆ, 36ನ್ನು 200ರಿಂದ ಭಾಗಿಸಿ 100ರಿಂದ ಗುಣಿಸಿ: ಶೇ. 18. ಶೇ. 20ಕ್ಕಿಂತ ಕಡಿಮೆ ಎಂದರೆ ರಕ್ತ ತಯಾರಿಸುವ ಮೂಳೆಮಜ್ಜೆಗೆ ಬೇಕಾದಷ್ಟು ಕಬ್ಬಿಣ ತಲುಪುತ್ತಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಇದೂ ದೋಷವಿಲ್ಲದ ಅಳತೆಯಲ್ಲ. ಸೀರಮ್ ಐರನ್ ದಿನದ ಹೊತ್ತಿನೊಂದಿಗೆ ಏರಿಳಿಯುತ್ತದೆ. ಊಟ ಸರಿಯಾಗಿ ಸೇರದೆ ಸೊರಗಿದವರಲ್ಲಿ ಟ್ರಾನ್ಸ್‌ಫೆರಿನ್ನೇ ಕಡಿಮೆಯಾಗಿ ಟಿಸ್ಯಾಟ್ ಚೆನ್ನಾಗಿರುವಂತೆ ಕಾಣುತ್ತದೆ. ಐರನ್ ಹಾಕಿಸಿದ ಮೇಲೆ ಕನಿಷ್ಠ ಒಂದು ವಾರ ಬಿಟ್ಟೇ ಈ ಪರೀಕ್ಷೆಗಳಿಗೆ ರಕ್ತ ಕೊಡಬೇಕು.

ನಿಮ್ಮ ತಂದೆಯಂಥವರ ಮೇಲೆಯೇ ಅಮೆರಿಕದಲ್ಲಿ ‘ಡ್ರೈವ್’ ಎಂಬ ಅಧ್ಯಯನ ನಡೆದು 2007ರಲ್ಲಿ ಪ್ರಕಟವಾಯಿತು. ಫೆರಿಟಿನ್ 500ರಿಂದ 1200, ಟಿಸ್ಯಾಟ್ ಶೇ. 25 ಅಥವಾ ಕಡಿಮೆ ಇದ್ದವರಿಗೆ ಎರಿಥ್ರೋಪೊಯೆಟಿನ್ (ಕೆಂಪು ರಕ್ತಕಣ ಹೆಚ್ಚಿಸುವ ಇಂಜೆಕ್ಷನ್) ಜೊತೆ ರಕ್ತನಾಳದ ಮೂಲಕ ಐರನ್ ಕೊಟ್ಟಾಗ ಹಿಮೋಗ್ಲೋಬಿನ್ ಹೆಚ್ಚು ಏರಿತು. ಆದರೆ ಅದು ಆರು ವಾರಗಳ ಅಧ್ಯಯನ. ವರ್ಷಗಟ್ಟಲೆ ಹಾಗೆಯೇ ಕೊಡಬಹುದು ಎನ್ನಲು ಅಷ್ಟು ಸಾಲದು. ಬ್ರಿಟನ್ನಿನಲ್ಲಿ ಹೊಸದಾಗಿ ಡಯಾಲಿಸಿಸ್ ಶುರುಮಾಡಿದವರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ‘ಪಿವೋಟಲ್’ ಅಧ್ಯಯನದಲ್ಲಿ ತಿಂಗಳಿಗೆ 400 ಮಿ.ಗ್ರಾಂ ಐರನ್ ಪಡೆದವರಿಗೂ ಫೆರಿಟಿನ್ 700 ದಾಟಿದರೆ ಅಥವಾ ಟಿಸ್ಯಾಟ್ ಶೇ. 40 ಮುಟ್ಟಿದರೆ ನಿಲ್ಲಿಸುತ್ತಿದ್ದರು. ಮಿತಿಮೀರಿದ ಕಬ್ಬಿಣ ಲಿವರಿನಲ್ಲಿ ಸೇರಿಕೊಳ್ಳುತ್ತದೆ.

ಹಾಗಾಗಿ ‘ಫೆರಿಟಿನ್ ಜಾಸ್ತಿ ಇದೆ’ ಎಂದು ಇಂಜೆಕ್ಷನ್ ಬೇಡವೆನ್ನಬೇಡಿ. ಟಿಸ್ಯಾಟ್ ಎಷ್ಟಿದೆ, ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಡಾಕ್ಟರನ್ನು ಕೇಳಿ. ತಂದೆಗೆ ಜ್ವರ, ಚಳಿ ಅಥವಾ ಕ್ಯಾತಿಟರ್ ಹಾಕಿದ ಜಾಗದಲ್ಲಿ ಕೆಂಪು, ಕೀವು ಕಂಡರೆ ಐರನ್ ಹಾಕುವ ಮುಂಚೆಯೇ ಸಿಬ್ಬಂದಿಗೆ ತಿಳಿಸಿ. ಸೋಂಕು ಜೋರಾಗಿರುವಾಗ ಐರನ್ ಕೊಡಬಾರದು.