ಲಿಪಿ ಬದಲಾದರೆ ಗುಟ್ಟಾಗುವುದೇ? ತಾನಾಗಿ ನಡೆಯುವ ಇನ್‌ಸ್ಟಾಲೇಷನ್ ಮತ್ತು ಅಡ್ಮಿನ್ ಪಾಸ್‌ವರ್ಡ್

ಶಾಲೆಯ ಕಂಪ್ಯೂಟರ್ ಲ್ಯಾಬಿನ ಹತ್ತಿಪ್ಪತ್ತು ಯಂತ್ರಗಳಿಗೆ ಆಪರೇಟಿಂಗ್ ಸಿಸ್ಟಂ ಹಾಕುವಾಗ ಪ್ರತಿಯೊಂದರ ಮುಂದೆಯೂ ಕುಳಿತು ಭಾಷೆ, ಹೆಸರು, ಪಾಸ್‌ವರ್ಡ್ ಎಂದು ಟೈಪ್ ಮಾಡಬೇಕಿಲ್ಲ. ಉತ್ತರಗಳನ್ನೆಲ್ಲ ಮೊದಲೇ ಒಂದು ಫೈಲಿನಲ್ಲಿ ಬರೆದು ಪೆನ್‌ಡ್ರೈವ್‌ಗೆ ಹಾಕಿದರೆ ಕೆಲಸ ತಾನಾಗಿ ಮುಗಿಯುತ್ತದೆ. ಇದಕ್ಕೆ ವಿಂಡೋಸ್‌ನಲ್ಲಿ ಆನ್ಸರ್ ಫೈಲ್, ಡೆಬಿಯನ್‌ನಲ್ಲಿ ಪ್ರಿಸೀಡ್, ರೆಡ್‌ಹ್ಯಾಟ್‌ನಲ್ಲಿ ಕಿಕ್‌ಸ್ಟಾರ್ಟ್ ಎಂದು ಹೆಸರು. ಆ ಉತ್ತರಗಳಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೂಡ ಒಂದು. ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್ ಮೇಜಿನ ಡ್ರಾಯರ್ ಸೇರುತ್ತದೆ. ಅದೇ ಪಾಸ್‌ವರ್ಡ್ ಕಚೇರಿಯ ಕಂಪ್ಯೂಟರಿಗೂ ಇದ್ದರೆ, ಮಕ್ಕಳ ಸ್ಯಾಟ್ಸ್ ಮಾಹಿತಿ ತುಂಬುವ ಯಂತ್ರದ ಬೀಗದ ಕೈಯೂ ಆ ಡ್ರಾಯರಿನಲ್ಲೇ ಇದ್ದಂತೆ.

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಈ ವಿಷಯ ತೆಗೆದುಕೊಂಡಾಗ ಇಂಥ ಒಂದು ಮಾದರಿ ಫೈಲನ್ನು ತೋರಿಸಲಾಯಿತು. ಪಾಸ್‌ವರ್ಡ್ ಇದ್ದ ಜಾಗದಲ್ಲಿ ಅರ್ಥವಾಗದ ಅಕ್ಷರಗಳ ಸಾಲು. "ಅದು ಲಾಕ್ ಆಗೈತಲ್ಲ ಸಾರ್, ಯಾರಿಗೂ ಗೊತ್ತಾಗಲ್ಲ" ಎಂದನು ಒಬ್ಬ ಹುಡುಗ. ಪಾಠದ ತಿರುಳು ಈ ಮಾತಿನಲ್ಲೇ ಇತ್ತು.

ಅದು ಬೀಗವಲ್ಲ, ಬೇಸ್ 64 ಎಂಬ ಬರಹ ಕ್ರಮ. ಮೂರು ಬೈಟುಗಳ 24 ಬಿಟ್‌ಗಳನ್ನು ಆರಾರರಂತೆ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ 64 ಚಿಹ್ನೆಗಳ ಪಟ್ಟಿಯಿಂದ ಒಂದನ್ನು ಬರೆಯುವುದು. ಪಟ್ಟಿ ಎಲ್ಲರಿಗೂ ತಿಳಿದದ್ದೇ. ಅದನ್ನು ಕೈಗೆ ಕೊಟ್ಟಾಗ ಮಕ್ಕಳೇ ಮೂರಕ್ಷರದ ಪದವೊಂದನ್ನು ಹಿಂದಕ್ಕೆ ಬಿಡಿಸಿದರು.

ಇಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ನೆರವಿಗೆ ಬಂತು. 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ ಬರೆದ ಚಪಡ ಕೊನೆಯಲ್ಲಿ ತಾನು ಲಿಪಿಕಾರನೆಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಿಸಿದ್ದಾನೆ. ಊರವರಿಗೆ ಅದು ಒಗಟಾಗಿದ್ದಿರಬಹುದು. ಖರೋಷ್ಠಿ ಬಲ್ಲವನಿಗೆ ಅಲ್ಲ. (ಚಪಡನಿಗೆ ಗುಟ್ಟು ಮಾಡುವ ಉದ್ದೇಶವಿತ್ತೆಂದು ಹೇಳಬಾರದು, ಹೋಲಿಕೆ ಲಿಪಿಗಷ್ಟೇ.)

ನಿಜವಾದ ರಕ್ಷಣೆ ಹ್ಯಾಶ್‌ನಿಂದ. ಚಳ್ಳಕೆರೆಯ ಎಣ್ಣೆ ಗಿರಣಿ ನೋಡದ ಮಕ್ಕಳಿರಲಿಲ್ಲ: ಶೇಂಗಾ ಅರೆದು ಎಣ್ಣೆ ತೆಗೆಯಬಹುದು, ಎಣ್ಣೆಯಿಂದ ಶೇಂಗಾ ಮಾಡಲಾಗದು. ಹೋಲಿಕೆ ಇಲ್ಲಿಗೇ ನಿಲ್ಲಬಾರದು. ಕಳ್ಳನು ಊಹಿಸಿದ ಪದಗಳನ್ನೆಲ್ಲ ಒಂದೊಂದಾಗಿ ಅರೆದು, ಬಂದ ಎಣ್ಣೆಯನ್ನು ನಮ್ಮದರೊಂದಿಗೆ ಹೋಲಿಸಬಲ್ಲ. ಊರಿನ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್ ಹ್ಯಾಶ್ ಆದರೂ ಬೇಗ ಸಿಗುತ್ತದೆ. ಲಿನಕ್ಸ್‌ನ ಎಸ್‌ಎಚ್‌ಎ-512 ವಿಧಾನ ಸಾಮಾನ್ಯವಾಗಿ 5000 ಸುತ್ತು ಅರೆಯುವುದು ಈ ಊಹೆಯನ್ನು ನಿಧಾನಗೊಳಿಸಲು. ಜೊತೆಗೆ ಸಾಲ್ಟ್ ಎಂಬ ಯಾದೃಚ್ಛಿಕ ಅಕ್ಷರಗಳನ್ನೂ ಬೆರೆಸುತ್ತದೆ; ಒಂದೇ ಪಾಸ್‌ವರ್ಡ್ ಇರುವ ಎರಡು ಯಂತ್ರಗಳ ಹ್ಯಾಶ್ ಬೇರೆಯಾಗುತ್ತದೆ.

ಪ್ರಿಸೀಡ್, ಕಿಕ್‌ಸ್ಟಾರ್ಟ್ ಫೈಲುಗಳಲ್ಲಿ ಪಾಸ್‌ವರ್ಡಿನ ಬದಲು ಹ್ಯಾಶ್ ಬರೆಯಬಹುದು, ಅದನ್ನೇ ಬಳಸಬೇಕು. ವಿಂಡೋಸ್ ಆನ್ಸರ್ ಫೈಲು ಹ್ಯಾಶ್ ಸ್ವೀಕರಿಸುವುದಿಲ್ಲ. ಯಂತ್ರದೊಳಗೆ ಉಳಿಯುವ ಪ್ರತಿಯಿಂದ ಸೆಟಪ್ ಪಾಸ್‌ವರ್ಡ್ ತೆಗೆದರೂ ಪೆನ್‌ಡ್ರೈವ್‌ನ ಮೂಲ ಫೈಲು ಹಾಗೆಯೇ ಇರುತ್ತದೆ. ಆದ್ದರಿಂದ ಫೈಲಿನಲ್ಲಿ ತಾತ್ಕಾಲಿಕ ಪಾಸ್‌ವರ್ಡ್ ಇಟ್ಟು, ಇನ್‌ಸ್ಟಾಲ್ ಆದ ದಿನವೇ ಪ್ರತಿ ಯಂತ್ರಕ್ಕೂ ಬೇರೆ ಪಾಸ್‌ವರ್ಡ್ ಕೊಟ್ಟು, ಪೆನ್‌ಡ್ರೈವ್‌ನಿಂದ ಫೈಲನ್ನು ಅಳಿಸಬೇಕು. ದೊಡ್ಡ ಸಂಸ್ಥೆಗಳಲ್ಲಿ ಮೈಕ್ರೋಸಾಫ್ಟ್‌ನ ಲ್ಯಾಪ್ಸ್ ಈ ಬದಲಾವಣೆಯನ್ನು ತಾನೇ ಮಾಡುತ್ತದೆ. ಅದಕ್ಕೆ ಡೊಮೇನ್ ಅಥವಾ ಅಂಥದೇ ಕೇಂದ್ರೀಯ ನಿರ್ವಹಣಾ ವ್ಯವಸ್ಥೆ ಬೇಕು, ನಮ್ಮ ಪ್ರೌಢಶಾಲಾ ಲ್ಯಾಬುಗಳಿಗೆ ಅದು ಹೊಂದುವಂಥದ್ದಲ್ಲ.

ಮೌಲ್ಯಮಾಪನದಲ್ಲಿ ಬೇಸ್ 64 ಮತ್ತು ಹ್ಯಾಶ್‌ಗಳ ವ್ಯತ್ಯಾಸವನ್ನು ಹೆಚ್ಚಿನವರು ಸರಿಯಾಗಿ ಹೇಳಿದರು. ಸಾಲ್ಟ್ ಏಕೆ ಬೇಕೆಂಬುದು ಕೆಲವರಿಗಷ್ಟೇ ತಿಳಿಯಿತು. ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಅದನ್ನು ಎರಡನೆಯ ಅವಧಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಬಿಟ್‌ಗಳನ್ನು ಬಿಡಿಸುವ ಚಟುವಟಿಕೆಯೊಂದೇ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ.