ಸೆರೆ ಬಿಡಿಸುವ ಖರ್ಚಿನ ಲೆಕ್ಕ

ಕಬ್ಬಿನ ಬಿಲ್ಲು ಜಮಾ ಆದ ವಾರದಲ್ಲಿ ನನಗೆ ಫೋನು ಹೆಚ್ಚು. ಅಥಣಿ ತಾಲೂಕಿನ ಸತ್ತಿ, ಸವದಿ, ದರೂರ ಅಂತ ಕೃಷ್ಣಾ ದಂಡಿಯ ಊರುಗಳಲ್ಲಿ ಕುಡಿಯುವವನ ಕೈಗೂ ಆಗಲೇ ರೊಕ್ಕ ಬರುತ್ತದೆ, ಅವನನ್ನು ಬಿಡಿಸಬೇಕೆನ್ನುವ ಮನೆಯವರ ಕೈಗೂ ಆಗಲೇ ಬರುತ್ತದೆ. "ಅಕ್ಕಾರ, ರೊಕ್ಕ ಎಷ್ಟರ ಹೋಗ್ಲಿ, ಛಲೋ ಸೆಂಟರ್ ಒಂದ ಹೇಳ್ರಿ" ಅನ್ನುತ್ತಾರೆ. ಆರೋಗ್ಯ ಇಲಾಖೆಯಲ್ಲಿ ಹಳ್ಳಿ ತಿರುಗಿ ನಿವೃತ್ತಳಾದವಳು ನಾನು. ಈಗಲೂ ಇಂಥ ಮನೆಗಳ ಜೊತೆ ಆಸ್ಪತ್ರೆಗೆ ಹೋಗಿಬರುತ್ತೇನೆ. ಸೆಂಟರಿನ ಹೆಸರು ಕೇಳಿದವರಿಗೆ ನಾನು ಮೊದಲು ಕೇಳುವುದು ಇಷ್ಟೇ: "ಅವರು ಮನಿಗೆ ಬಂದ ಮ್ಯಾಲೆ ಒಂದ ವರ್ಷಕ್ಕ ಎಷ್ಟ ತಗದ ಇಟ್ಟೀರಿ?" ಹೆಚ್ಚಿನವರು ಏನೂ ಇಟ್ಟಿರುವುದಿಲ್ಲ. ಸೇರಿಸುವ ಖರ್ಚೊಂದೇ ಅವರ ಕಣ್ಣಿಗೆ ಬಿದ್ದಿರುತ್ತದೆ.

1. ಮನೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ.

ಇದಕ್ಕೆ ಖರ್ಚಿಲ್ಲ ಎಂದುಕೊಂಡೇ ಬಹಳ ಮನೆಗಳು ಈ ದಾರಿ ಹಿಡಿಯುತ್ತವೆ. ಅಣ್ಣ ತಮ್ಮಂದಿರು ಸೇರಿ ಕೋಣೆಗೆ ಹಾಕಿ ಕೀಲಿ ಜಡಿಯುತ್ತಾರೆ. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಸೆರೆ ಒಮ್ಮೆಲೇ ನಿಂತರೆ ಮೊದಲ ದಿನವೇ ಕೈ ನಡುಗುತ್ತದೆ, ಚಹಾದ ಬಸಿ ತುಟಿಗೆ ಮುಟ್ಟುವುದರೊಳಗೆ ಅರ್ಧ ಚೆಲ್ಲಿರುತ್ತದೆ. ಬೆವರು, ವಾಂತಿ ಶುರುವಾಗುತ್ತವೆ, ನಿದ್ದೆ ಹತ್ತುವುದಿಲ್ಲ. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇನ್ನು ಕೆಲವರಿಗೆ ಭ್ರಮೆ ಹತ್ತುತ್ತದೆ. ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಮಗನನ್ನೇ ಯಾರೋ ಕಳ್ಳ ಎಂದು ಹೊಡೆಯಲು ಹೋಗುತ್ತಾರೆ. ಊರವರು ಇದಕ್ಕೆ ದೆವ್ವ ಹಿಡಿದಿದೆ ಎಂದು ತಾಯತ ಕಟ್ಟಿಸುತ್ತಾರೆ. ಡಾಕ್ಟರರು ಅದನ್ನು ಡಿಲೀರಿಯಂ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಅದರಿಂದ ಜೀವ ಹೋಗುವುದುಂಟು. ಫಿಟ್ಸ್ ಅಥವಾ ಭ್ರಮೆ ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಿ, ಆ ಗಾಡಿಗೆ ಬಾಡಿಗೆ ಇಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಸುಸ್ತಾದವನಿಗೆಲ್ಲ ಸಲಾಯಿನ್ ಹಚ್ಚಿಸುವ ಚಟ ಇದೆ. ದಿನಾ ಕುಡಿಯುವವನ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಮಿನ್, ಬತ್ತಿಹೋಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಊರ ಡಾಕ್ಟರು ಬಾಟಲಿ ಕೈಗೆತ್ತಿಕೊಂಡರೆ ಇವರು ದಿನಾ ಕುಡಿಯುತ್ತಾರೆ ಎಂದು ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟ ಆ ಒಂದು ಮಾತಿಗೆ ಎಷ್ಟೋ ಸಲ ಹೆಚ್ಚಿನ ಬೆಲೆ ತೆರಬೇಕಾಗುತ್ತದೆ.

2. ಹತ್ತಿರದ, ಪುಕ್ಕಟೆ ಬಾಗಿಲನ್ನು ಮೊದಲು ತಟ್ಟಿ.

14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ ಅದು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಶಾಮುಕ್ತಿಗೆಂದೇ ಇರುವ ಇನ್ನೊಂದು ನಂಬರು 14446. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸಂಸ್ಥೆಗಳು ಉಚಿತವಾಗಿ ನಡೆಸುವ ಪುನರ್ವಸತಿ ಕೇಂದ್ರಗಳಿವೆ. ಅವುಗಳಲ್ಲಿ ಹತ್ತಿರದ್ದು ಯಾವುದು ಎಂದು ಈ ನಂಬರಿನಲ್ಲಿ ಕೇಳಿ.

ಮುಖಾಮುಖಿ ತೋರಿಸಬೇಕೆಂದರೆ ಅಥಣಿ ತಾಲೂಕು ಆಸ್ಪತ್ರೆಯಿಂದ ಶುರು ಮಾಡಿ. ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಪದ್ಧತಿ ರಾಜ್ಯದಲ್ಲಿದೆ. ಈ ವಾರ ಬರುತ್ತಾರೋ ಇಲ್ಲವೋ ಎಂದು ಹಿಂದಿನ ದಿನವೇ ಕೇಳಿಕೊಂಡು ಹೊರಡಿ. ಒಂದು ದಿನದ ಪಗಾರ ಬಿಟ್ಟು ಬಂದು ಬರಿಗೈಯಲ್ಲಿ ತಿರುಗಿದವನು ಮತ್ತೆ ಆ ಕಡೆ ಮುಖ ಹಾಕುವುದಿಲ್ಲ. ಎಲ್ಲರನ್ನೂ ಅಡ್ಮಿಟ್ ಮಾಡಲೇಬೇಕು ಅಂತೇನಿಲ್ಲ. ನಡುಕ ಕಡಿಮೆ ಇದ್ದು, ಹಿಂದೆ ಫಿಟ್ಸ್ ಬಂದಿಲ್ಲದವರಿಗೆ ಮನೆಯಲ್ಲೇ ಗುಳಿಗೆ ಕೊಟ್ಟು, ನಡುನಡುವೆ ಕರೆಸಿ ನೋಡಿ ಬಿಡಿಸುತ್ತಾರೆ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಗುಳಿಗೆಯಿಂದ ಹೋಗುವ ಜಡ್ಡಾಗಿದ್ದರೆ ಇಷ್ಟು ವರ್ಷ ನಾವೇಕೆ ಅಳುತ್ತಿದ್ದೆವು ಎಂಬ ಭಾವ.

ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸೆರೆಗೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದು ನಮ್ಮ ಓಣಿಗಳಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ.

3. ಮಿರಜ್ ಹತ್ತಿರ, ಆದರೆ ಧಾರವಾಡ ಸೋವಿ.

ಕಾಗವಾಡ ದಾಟಿದರೆ ಮಹಾರಾಷ್ಟ್ರದ ಮಿರಜ್, ಅಲ್ಲಿಂದ ಸಾಂಗ್ಲಿ. ಹೆರಿಗೆಗೂ ಎಲುಬು ಮುರಿದರೂ ನಮ್ಮವರು ಹೋಗುವುದು ಅಲ್ಲಿಗೇ. ವಾನ್ಲೆಸ್ ದವಾಖಾನೆ ಶುರುವಾದ 1894ರ ಕಾಲದಿಂದ ಬಂದ ರೂಢಿ ಅದು. ಸೆರೆ ಬಿಡಿಸಲೂ ಕಾಲು ತಾನಾಗಿ ಆ ಕಡೆಗೇ ಎಳೆಯುತ್ತದೆ. ಹೋಗಬಾರದು ಅಂತಲ್ಲ. ಆದರೆ ಈ ಚಿಕಿತ್ಸೆಗೆ ಒಮ್ಮೆ ಹೋಗಿ ಬಂದರೆ ಮುಗಿಯುವುದಿಲ್ಲ, ವರ್ಷವಿಡೀ ತೋರಿಸುತ್ತಿರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಧಾರವಾಡಕ್ಕೋ ಬೆಳಗಾವಿಗೋ ಹೋದರೆ ಹೆಂಡತಿಯ ಟಿಕೆಟು ಉಳಿಯುತ್ತದೆ, ಗಂಡನ ಚಾರ್ಜು ಒಂದೇ. ಮಿರಜ್ ಬಸ್ಸಿನಲ್ಲಿ ಆ ಲೆಕ್ಕ ನೆಚ್ಚಿಕೊಳ್ಳುವ ಹಾಗಿಲ್ಲ. ಅಲ್ಲಿನ ಸರ್ಕಾರದ ಆರೋಗ್ಯ ಯೋಜನೆ ಮುಖ್ಯವಾಗಿ ಅಲ್ಲಿನವರಿಗೆ. ನಮ್ಮ ರೇಷನ್ ಕಾರ್ಡಿಗೆ ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಕೌಂಟರಿನಲ್ಲಿ ಮೊದಲು ಕೇಳಿ, ಆಮೇಲೆ ಅಡ್ಮಿಟ್ ಮಾಡಿ.

ಧಾರವಾಡ ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. "ಅವರಿಗೇನ ಹುಚ್ಚ ಹಿಡದೈತೇನ್ರೀ?" ನಮ್ಮ ಕಡೆ ಧಾರವಾಡಕ್ಕೆ ಕಳಿಸುವುದೆಂದರೆ ಬೈಗುಳವೇ. ಅಲ್ಲಿನ ಹಳೆಯ ಹುಚ್ಚಾಸ್ಪತ್ರೆಯೇ ಈಗ ಡಿಮ್ಹಾನ್ಸ್ ಎಂಬ ಸಂಸ್ಥೆ. ಅಲ್ಲಿ ಸೆರೆ ಬಿಡಲು ಬಂದವರು ಮಾಮೂಲು ರೋಗಿಗಳು, ಅವರನ್ನು ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗವಿದೆ. ಊರವರು ಕೇಳಿದರೆ ಲಿವರ್ ತೋರಿಸಲು ಹೋಗಿದ್ದೆವು ಎಂದು ಹೇಳಿ, ಪರವಾಗಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರ ದೊಡ್ಡದು, ಬಿಪಿಎಲ್ ಕಾರ್ಡಿನವರಿಗೆ ರಿಯಾಯಿತಿಯೂ ಉಂಟು. ಆದರೆ ಸತ್ತಿಯಿಂದ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುವವರಾರು? ತೊಡಕಿನ ಕೇಸಿಗೆ ಇಲ್ಲಿನ ಡಾಕ್ಟರೇ ಅಲ್ಲಿಗೆ ಕಳಿಸುತ್ತಾರೆ. ಮರಾಠಿ ಚೆನ್ನಾಗಿ ತಿಳಿಯುವವರಿಗೆ ಪುಣೆಯ ಮುಕ್ತಾಂಗಣವೂ ಒಂದು ದಾರಿ. ಅನಿತಾ ಮತ್ತು ಅನಿಲ ಅವಚಟ ದಂಪತಿ ಪು.ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಕಟ್ಟಿದ ಸಂಸ್ಥೆ ಅದು.

4. ಕಾರ್ಡುಗಳಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಆದರೆ ಪ್ಯಾಕೇಜು ದರದ ಶೇ. 30ರಷ್ಟು, 1.5 ಲಕ್ಷದವರೆಗೆ ನೆರವು. ಆದರೆ ಅದು ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. ಬೋರ್ಡು ಹಾಕಿಕೊಂಡ ಪ್ರತಿ ನಶಾಮುಕ್ತಿ ಕೇಂದ್ರವೂ ಅದರೊಳಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಬಿಲ್ಲಾದ ಮೇಲಲ್ಲ, ಅಡ್ಮಿಟ್ ಆಗುವ ಮೊದಲು ಅವರನ್ನು ಕಾಣಿ. ಯಶಸ್ವಿನಿ ಕಾರ್ಡು ಹಿಡಿದು ಬರುವವರೂ ಇದ್ದಾರೆ, ಅದು ಮುಖ್ಯವಾಗಿ ಆಪರೇಶನ್ನಿಗೆ.

ಸಕ್ಕರೆ ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಇರುವ ಮಗ ಖಾಸಗಿ ಇನ್ಶೂರೆನ್ಸ್ ಮಾಡಿಸಿದ್ದರೆ ಅದರ ಸಣ್ಣ ಅಕ್ಷರ ಓದಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸೆರೆ ಮತ್ತು ಮಾದಕ ವಸ್ತುವಿನಿಂದ ಬರುವ ಮನೋಸ್ಥಿತಿಯನ್ನೂ ಮಾನಸಿಕ ಕಾಯಿಲೆಗೆ ಸೇರಿಸಿದೆ. ಮೈ ಕಾಯಿಲೆಗೆ ಕೊಟ್ಟಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದೂ ಹೇಳುತ್ತದೆ. ಅತ್ತ ಪಾಲಿಸಿಗಳಲ್ಲಿ ಹೊರಗಿಡುವ ಚಿಕಿತ್ಸೆಗಳ ಪಟ್ಟಿಯೊಂದಿದೆ. ಅದರಲ್ಲಿ 12ನೆಯ ಕೋಡು ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆಯದ್ದೇ. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದುಕೊಂಡರೆ ಏನೆನ್ನಬೇಕು? ಪಾಲಿಸಿಯಲ್ಲಿ ಆ ಕೋಡು ಇದ್ದರೆ ವಿಮೆಯ ಹಣ ನೆಚ್ಚಿಕೊಂಡು ಸಾಲ ಎತ್ತಬೇಡಿ.

5. ರಾತ್ರಿ ಗಾಡಿ ಕಳಿಸುತ್ತೇವೆ ಎನ್ನುವ ಕೇಂದ್ರ ಬೇಡ.

ಒಂದು ಖಾಸಗಿ ಕೇಂದ್ರದ ಕಾಗದ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೇಲೆ ದೇವರ ಫೋಟೊ, ಕೆಳಗೆ ಹೆಂಡತಿಯ ಸಹಿ, ನಡುವೆ ಎಲ್ಲ ಖಾಲಿ. ನೋಂದಣಿ ನಂಬರಿಲ್ಲ, ಡಾಕ್ಟರ ಹೆಸರಿಲ್ಲ. ನಾಲ್ಕು ಹುಡುಗರು ಬಂದು ಮಲಗಿದ್ದವನನ್ನು ಎತ್ತಿ ಗಾಡಿಗೆ ಹಾಕಿಕೊಂಡು ಹೋಗಿದ್ದರು. ಮೂರು ತಿಂಗಳ ಹಣ ಮುಂಗಡ, ತಿಂಗಳವರೆಗೆ ಭೆಟ್ಟಿ ಇಲ್ಲ, ಫೋನಿಲ್ಲ. ಮನೆಯವರಿಗೆ ಅದು ಶಿಸ್ತಾಗಿ ಕಂಡಿತ್ತು.

ಕಾನೂನಿನಂತೆ ಇಂಥ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ರೋಗಿ ತಾನೇ ಒಪ್ಪಿ ಸೇರಬಹುದು. ಒಪ್ಪುವ ಸ್ಥಿತಿ ಇಲ್ಲದಷ್ಟು ಹದಗೆಟ್ಟಿದ್ದರೆ ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಬೇರೆ ಬೇರೆಯಾಗಿ ಪರೀಕ್ಷಿಸಿದ ಮೇಲೆ ಮೊದಲಿಗೆ ಹೆಚ್ಚೆಂದರೆ 30 ದಿನ ಇಟ್ಟುಕೊಳ್ಳಬಹುದು. ಸರಪಳಿಯಿಂದ ಕಟ್ಟುವುದಕ್ಕೆ ಪೂರ್ತಿ ನಿಷೇಧವಿದೆ. ಹೀಗಾಗಿ ಹಣ ಕೊಡುವ ಮೊದಲು ಕೇಳಬೇಕಾದ್ದು: ನೋಂದಣಿ ಪ್ರಮಾಣಪತ್ರ ತೋರಿಸ್ರಿ, ಮನೋವೈದ್ಯರು ಯಾವ ವಾರ ಬರ್ತಾರ, ರಾತ್ರಿ ಫಿಟ್ಸ್ ಬಂದ್ರ ಯಾವ ಆಸ್ಪತ್ರಿಗೆ ಒಯ್ತೀರಿ, ನಡುವ ಕರಕೊಂಡ ಬಂದ್ರ ಉಳಿದ ರೊಕ್ಕ ವಾಪಸ್ ಕೊಡ್ತೀರೇನು. ಮಲಗುವ ಕೋಣೆ, ಅಡಿಗೆಮನೆ, ಸಂಡಾಸು ಮೂರನ್ನೂ ಕಣ್ಣಾರೆ ನೋಡಿ. ಒಳಗೆ ಬಿಡದಿದ್ದರೆ ಅಲ್ಲಿಂದಲೇ ತಿರುಗಿ ಬನ್ನಿ.

6. ಶಿಬಿರ ಒಳ್ಳೆಯದು, ಆದರೆ ಎಲ್ಲರಿಗೂ ಅಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಉಳಿಯುವುದು, ಖರ್ಚಿನ ದೊಡ್ಡ ಪಾಲು ಊರವರ ದೇಣಿಗೆಯಿಂದ. ನನಗೆ ಶಿಬಿರಕ್ಕಿಂತ ಅದರ ಹಿಂದೆ ಕಟ್ಟುವ ನವಜೀವನ ಸಮಿತಿಯೇ ಹೆಚ್ಚು ಬೆಲೆಯದ್ದು ಅನಿಸುತ್ತದೆ. ಬಿಟ್ಟವರು ಮತ್ತೆ ಮತ್ತೆ ಒಂದೆಡೆ ಕೂಡುವುದು, ಒಬ್ಬ ತಪ್ಪಿಸಿದರೆ ಇನ್ನೊಬ್ಬ ಮನೆಗೆ ಹೋಗಿ ಕೇಳುವುದು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಇದೇ ತತ್ವದ ಮೇಲೆ ನಡೆಯುತ್ತವೆ, ಅಲ್ಲಿಯೂ ಫೀ ಇಲ್ಲ. ಹಿಂದೆ ಫಿಟ್ಸ್ ಬಂದವರು, ಕಾಮಾಲೆ ಆದವರು, ಹೊಟ್ಟೆ ಊದಿದವರು ಮಾತ್ರ ಮೊದಲು ಆಸ್ಪತ್ರೆ ಮುಗಿಸಿ ಆಮೇಲೆ ಶಿಬಿರಕ್ಕೆ ಹೋಗಬೇಕು.

ಇಳಕಲ್ಲ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಯಲ್ಲಿ ಚಟಗಳನ್ನೇ ಭಿಕ್ಷೆ ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಅಂಥವರ ಮುಂದೆ ಮಾಡಿದ ಆಣೆಯನ್ನು, ಪಂಢರಪುರದಲ್ಲಿ ಹಾಕಿಸಿಕೊಂಡ ತುಳಸಿ ಮಾಲೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೊರಳ ಮಾಲೆ ನೋಡಿ ಗೆಳೆಯರೇ ಕರೆಯುವುದನ್ನು ಬಿಡುತ್ತಾರೆ, ಅದು ದೊಡ್ಡ ಕಾವಲು. ಮಾಲೆ ಇರಲಿ, ಗುಳಿಗೆಯೂ ಇರಲಿ.

7. ಊಟದಲ್ಲಿ ಗುಟ್ಟಾಗಿ ಏನನ್ನೂ ಬೆರೆಸಬೇಡಿ.

ಗೊತ್ತಿಲ್ಲದಂತೆ ಸೆರೆ ಬಿಡಿಸುವ ಪುಡಿ ಎಂದು ಮಾರುವವರುಂಟು. ಡೈಸಲ್ಫಿರಾಮ್ ಗುಳಿಗೆಯನ್ನು ಅರೆದು ಸಾರಿನಲ್ಲಿ ಹಾಕುವವರೂ ಉಂಟು. ಆ ಗುಳಿಗೆ ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಬಿಪಿ ಕುಸಿಯುತ್ತದೆ. ಜೀವವೂ ಹೋಗಬಹುದು. ತಿಳಿದು, ಒಪ್ಪಿ, ಡಾಕ್ಟರ ಕಣ್ಗಾವಲಿನಲ್ಲಿ ನುಂಗುವವನಿಗೆ ಮಾತ್ರ ಅದು ಔಷಧ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್‌ನಂಥ ಬೇರೆ ಗುಳಿಗೆಗಳಿವೆ, ಅವುಗಳ ಬಗ್ಗೆ ಕೇಳಿ.

8. ಗಾಂಜಾ ಸೇದುವ ಹುಡುಗನ ಮನೆಯವರಿಗೆ ಪೊಲೀಸರ ಭಯ ಹೆಚ್ಚು. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ ಶಿಕ್ಷೆಯಿಂದ ರಕ್ಷಣೆ ಉಂಟು. ಮಾರುವವರಿಗೆ ಇದು ಇಲ್ಲ.

9. ಖರ್ಚನ್ನು ಮೂರು ಪಾಲು ಮಾಡಿ, ದೊಡ್ಡ ಪಾಲು ಕೊನೆಗಿರಲಿ.

ರೊಕ್ಕ ಎಲ್ಲಿಂದ ತರುತ್ತೀರಿ ಎಂದರೆ ಪಿಕೆಪಿಎಸ್ ಎಂಬ ಊರಿನ ಕೃಷಿ ಪತ್ತಿನ ಸಂಘದ ಸಾಲ, ಸೌಹಾರ್ದ ಸಹಕಾರಿಯಲ್ಲಿ ಒತ್ತೆ ಇಟ್ಟ ಬಂಗಾರ, ಸ್ವಸಹಾಯ ಸಂಘದ ಸಾಲ. ತಾಳಿ ಒತ್ತೆ ಇಟ್ಟು ಗಂಡನನ್ನು ಸೇರಿಸಿದವರಿದ್ದಾರೆ. ನಾನು ಕಾಗದದ ಮೇಲೆ ಬರೆಸುತ್ತೇನೆ. ದಿನಕ್ಕೆ 200 ರೂಪಾಯಿ ಕುಡಿದರೆ ವರ್ಷಕ್ಕೆ 73,000. ಅದರ ಪಕ್ಕದಲ್ಲಿ ಮೊದಲ ಸಾಲು: ವಿಷ ಇಳಿಸುವ ವಾರ, ಹತ್ತು ದಿನ. ಸರ್ಕಾರಿ ಆಸ್ಪತ್ರೆಯಲ್ಲಾದರೆ ದೊಡ್ಡ ಖರ್ಚು ಜೊತೆಗೆ ಇರುವವರ ಊಟದ್ದೇ. ಎರಡನೆಯ ಸಾಲು: ಉಳಿದುಕೊಳ್ಳುವ ಚಿಕಿತ್ಸೆ, ಬೇಕಾದರೆ ಮಾತ್ರ. ಮೂರನೆಯದು: ಹನ್ನೆರಡು ತಿಂಗಳ ಗುಳಿಗೆ, ಬಸ್ಸು, ಬಿಟ್ಟ ಪಗಾರ, ಲಿವರ್ ರಕ್ತ ಪರೀಕ್ಷೆ. ಎಲ್ಲವನ್ನೂ ಎರಡನೆಯ ಸಾಲಿಗೆ ಸುರಿದ ಮನೆಯಲ್ಲಿ ಅವನು ಹೊರಬಂದ ಎರಡನೇ ತಿಂಗಳಿಗೇ ಗುಳಿಗೆ ನಿಲ್ಲುತ್ತದೆ. ಮುಂದಿನ ಕಬ್ಬಿನ ಬಿಲ್ಲು ಬರುವ ಹೊತ್ತು ಗಂಡಾಂತರದ್ದು, ಆ ವಾರದ ಭೆಟ್ಟಿಯನ್ನು ಡಾಕ್ಟರ ಹತ್ತಿರ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಅವನು ಒಪ್ಪಿದರೆ ಬಿಲ್ಲಿನ ಹಣ ಹೆಂಡತಿಯ ಹೆಸರೂ ಸೇರಿದ ಜಂಟಿ ಖಾತೆಗೆ ಬರಲಿ.

10. ಮತ್ತೆ ಕುಡಿದರೆ ಹೊಸ ಸೆಂಟರ್ ಹುಡುಕಬೇಡಿ.

ನಾಲ್ಕು ತಿಂಗಳು ಬಿಟ್ಟು ಒಂದು ಮದುವೆಯಲ್ಲಿ ಕುಡಿದು ಬಂದ ಎಂದರೆ ಮನೆಯವರಿಗೆ ಖರ್ಚೆಲ್ಲ ನೀರಲ್ಲಿ ಹೋದಂತೆ. ಬೈಗುಳ, ಹೊಡೆದಾಟ, ಇನ್ನೂ ದುಬಾರಿಯ ಕೇಂದ್ರದ ಹುಡುಕಾಟ. ಶುಗರು ಏರಿದರೆ ಡಾಕ್ಟರನ್ನೇ ಬದಲಿಸುವವರು ಕಡಿಮೆ, ಗುಳಿಗೆ ಬದಲಿಸುತ್ತಾರೆ. ಇಲ್ಲಿಯೂ ಅಷ್ಟೇ. ಹಳೆಯ ಚೀಟಿ, ಡಿಸ್ಚಾರ್ಜ್ ಕಾರ್ಡು, ಗುಳಿಗೆಯ ಖಾಲಿ ಪಟ್ಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಅದೇ ಡಾಕ್ಟರ ಹತ್ತಿರ ಎರಡು ಮೂರು ದಿನದೊಳಗೆ ಹೋಗಿ. ವಾರಗಟ್ಟಲೆ ಬಿಟ್ಟರೆ ಮತ್ತೆ ಮೊದಲ ಸಾಲಿನ ಖರ್ಚು ಬೀಳುತ್ತದೆ. ಅವನು ಬರಲು ಒಪ್ಪದಿದ್ದರೆ ಹೆಂಡತಿ ಒಬ್ಬಳೇ ಹೋದರೂ ನಡೆಯುತ್ತದೆ, ಡಾಕ್ಟರು ಮಾತಾಡುತ್ತಾರೆ. ಬಸ್ಸಿಗೂ ಅವಳು ಏನೂ ಕೊಡಬೇಕಿಲ್ಲ.