ಮಗಳು ನಾಟಕ ಓದುತ್ತೇನೆ ಎನ್ನುತ್ತಾಳೆ

ಪ್ರಶ್ನೆ: ನನ್ನ ತವರು ಕೊಳ್ಳೇಗಾಲ, ಕೊಟ್ಟಿದ್ದು ಆಂಡಿಪಟ್ಟಿಗೆ. ಮನೆಯವರದು ನೇಯ್ಗೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಕ್ಕ ಕಟ್ಟು ಕಟ್ಟಿ ಕಳಿಸುವ ಹಳೇ ಸಂಚಿಕೆಗಳಲ್ಲಿ ನಿಮ್ಮ ಅಂಕಣ ಓದುತ್ತಿರುತ್ತೇನೆ. ಮಗಳು ಈ ವರ್ಷ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಪ್ಲಸ್ ಟೂ ಮುಗಿಸಿದಳು, ಮಾರ್ಕು ಚೆನ್ನಾಗಿದೆ. ಸ್ಕೂಲ್ ಡೇ ನಾಟಕದಲ್ಲಿ ಪಾರ್ಟು ಮಾಡಿದ ಮೇಲೆ ‘ಆಕ್ಟಿಂಗ್ ಓದುತ್ತೇನೆ, ಬೇರೇನೂ ಬೇಡ’ ಎಂದು ಹಟ ಹಿಡಿದಿದ್ದಾಳೆ. ಇವರು ಬಿ.ಕಾಂ. ಸೇರು ಎನ್ನುತ್ತಾರೆ. ಅತ್ತೆಯವರು ‘ನಮ್ಮನೆ ಹೆಣ್ಣು ಕೂತ್ತಾಡಿ ಆಗಬೇಕಾ’ ಎಂದು ಒಂದು ದಿನ ಊಟ ಬಿಟ್ಟು ಕೂತರು. ಚೆನ್ನೈನ ಒಂದು ಆಕ್ಟಿಂಗ್ ಸ್ಕೂಲಿನವರು ಆರು ತಿಂಗಳಿಗೆ ಎರಡು ಲಕ್ಷ ಕೇಳುತ್ತಿದ್ದಾರೆ, ಸಿನಿಮಾ ಚಾನ್ಸ್ ಖಾತ್ರಿಯಂತೆ. ಬೆಂಗಳೂರಿನ ನೆಂಟರು ಇವಳ ಕನ್ನಡ ಕೇಳಿ ನಗುತ್ತಾರೆ. ಇದನ್ನೆಲ್ಲ ಕಾಲೇಜು, ಯೂನಿವರ್ಸಿಟಿಯಲ್ಲಿ ಓದಬಹುದೇ? ಓದಿದರೆ ಅನ್ನ ಹುಟ್ಟುತ್ತದೆಯೇ?
— ಹೆಸರು ಬೇಡ, ಆಂಡಿಪಟ್ಟಿ

ಉತ್ತರ: ತಾಯಿ, ಮೊದಲು ಆ ಎರಡು ಲಕ್ಷದ ಮಾತು. ಕೊಡಬೇಡಿ. ಸಾಲ ಎತ್ತುವ ಯೋಚನೆ ಮನೆಯಲ್ಲಿ ಬಂದಿದ್ದರೆ ಇವತ್ತೇ ಬಿಡಿಸಿ. ಸಿನಿಮಾದಲ್ಲಿ ಪಾತ್ರ ಕೊಡುವವರು ನಿರ್ದೇಶಕರು, ನಿರ್ಮಾಪಕರು. ಚಾನ್ಸ್ ಖಾತ್ರಿ ಎಂದು ಹಣ ಕೇಳುವ ಶಾಲೆಯವರು ತಮ್ಮ ಕೈಯಲ್ಲಿಲ್ಲದ್ದನ್ನು ಮಾರುತ್ತಿದ್ದಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಿಂದ ನಡೆಯುತ್ತಿದೆ. ಅಲ್ಲಿ ಮೂರು ವರ್ಷದ ಕಲಿಕೆಗೆ ಆಯ್ಕೆಯಾದ ವಿದ್ಯಾರ್ಥಿಗೆ ಶಾಲೆಯೇ ತಿಂಗಳು ತಿಂಗಳು ವಿದ್ಯಾರ್ಥಿವೇತನ ಕೊಡುತ್ತದೆ. ದೇಶದ ದೊಡ್ಡ ನಾಟಕ ಶಾಲೆ ಕಲಿಯುವವರಿಗೆ ದುಡ್ಡು ಕೊಡುತ್ತಿರುವಾಗ ನೇಯ್ಗೆಯವರ ಮನೆಯಿಂದ ಎರಡು ಲಕ್ಷ ಕೇಳುವವರನ್ನು ನಂಬಲು ಏನೂ ಕಾರಣವಿಲ್ಲ.

ಓದಬಹುದೇ ಎಂದು ಕೇಳಿದ್ದೀರಿ. ಖಂಡಿತ ಓದಬಹುದು, ನಿಮ್ಮ ರಾಜ್ಯದಲ್ಲೂ ಅಕ್ಕಪಕ್ಕದಲ್ಲೂ. ಪುದುಚೇರಿ ವಿಶ್ವವಿದ್ಯಾಲಯದಲ್ಲಿ ಶಂಕರದಾಸ ಸ್ವಾಮಿಗಳ ಹೆಸರಿನಲ್ಲಿ ಶುರುವಾದ ಪ್ರದರ್ಶನ ಕಲೆಗಳ ವಿಭಾಗವಿದೆ. ತಮಿಳು ನಾಟಕಕಾರ ಇಂದಿರಾ ಪಾರ್ಥಸಾರಥಿಯವರು ಅದನ್ನು ಕಟ್ಟಿ ನಿಲ್ಲಿಸಿದವರು. ಅಲ್ಲಿ ರಂಗಕಲೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಮಾಡಬಹುದು. ತಂಜಾವೂರಿನ ತಮಿಳು ವಿಶ್ವವಿದ್ಯಾಲಯದಲ್ಲಿ ನಾಟಕ ವಿಭಾಗವಿದೆ. ಕುಮಳಿಯ ಘಾಟಿ ಹತ್ತಿದರೆ ಕೇರಳ, ತ್ರಿಶೂರಿನಲ್ಲಿ ಜಿ. ಶಂಕರ ಪಿಳ್ಳೆಯವರು 1977ರಲ್ಲಿ ಆರಂಭಿಸಿದ ಕಲ್ಲಿಕೋಟೆ ವಿಶ್ವವಿದ್ಯಾಲಯದ ನಾಟಕ ಶಾಲೆ ಪ್ಲಸ್ ಟೂ ಆದವರಿಗೇ ರಂಗಕಲೆಯ ಪದವಿ ಓದಿಸುತ್ತದೆ. ಇನ್ನು ನಮ್ಮ ಕಡೆ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ, ಮೈಸೂರಿನ ರಂಗಾಯಣದಲ್ಲಿ ಡಿಪ್ಲೊಮಾ ಇದೆ, ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯದೇ ಒಂದು ಕೇಂದ್ರವಿದೆ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಏನೆಂದರೆ, ಈ ಜೂನಿನಲ್ಲಿ ಅವಳು ಮಾಮೂಲಿ ಪದವಿಗೇ ಸೇರಲಿ. ನಾಟಕದ ಓದು ಮೂರು ವರ್ಷದ ಮೇಲೆ.

ಇದನ್ನು ಕೇಳಿ ಮಗಳು ಮುಖ ತಿರುಗಿಸಬಹುದು. ಅವಳಿಗೆ ಎರಡು ಕಾರಣ ಹೇಳಿ. ದೆಹಲಿ ಶಾಲೆಗೆ ಅರ್ಜಿ ಹಾಕಲು ಪದವಿ ಆಗಿರಬೇಕು, ಕೆಲವು ನಾಟಕಗಳಲ್ಲಿ ಪಾಲ್ಗೊಂಡ ಅನುಭವವನ್ನೂ ತೋರಿಸಬೇಕು. ಪುದುಚೇರಿಗೂ ಪದವಿ ಬೇಕೇ ಬೇಕು. ಬಿ.ಕಾಂ. ಮಾಡಿದರೆ ಈ ದಾರಿ ಮುಚ್ಚಿಹೋಗುತ್ತದೆ ಎಂದು ಅವಳು ಹೆದರಿದ್ದರೆ ವಿಜಯ್ ಸೇತುಪತಿಯ ಕತೆ ಹೇಳಿ: ಬಿ.ಕಾಂ. ಓದಿ ದುಬೈಯಲ್ಲಿ ಲೆಕ್ಕ ಬರೆದು, ಚೆನ್ನೈನ ಕೂತ್ತುಪ್ಪಟ್ಟರೈ ನಾಟಕ ತಂಡಕ್ಕೆ ಬಂದದ್ದೂ ಲೆಕ್ಕಿಗರಾಗಿಯೇ, ಅಲ್ಲಿ ನಟರನ್ನು ನೋಡಿ ನೋಡಿ ಕಲಿತವರು. ಆದರೂ ನನ್ನನ್ನು ಕೇಳಿದರೆ ತಮಿಳು ಅಥವಾ ಇಂಗ್ಲಿಷ್ ಸಾಹಿತ್ಯದ ಪದವಿ ಇವಳಿಗೆ ಹೆಚ್ಚು ಒದಗುತ್ತದೆ. ನಟಿಗೆ ಬೇಕಾದ ಮೊದಲ ವಿದ್ಯೆ ಬರೆದದ್ದನ್ನು ಸರಿಯಾಗಿ ಓದುವುದು.

ಎರಡನೆಯ ಕಾರಣ ಇನ್ನೂ ಮುಖ್ಯ. ಒಂದು ಸಲ ವೇದಿಕೆ ಹತ್ತಿ ಚಪ್ಪಾಳೆ ಕೇಳಿದ ಹುಡುಗಿಗೆ ತಾನು ಮೆಚ್ಚಿದ್ದು ಚಪ್ಪಾಳೆಯನ್ನೋ ನಟನೆಯನ್ನೋ ಎಂಬುದು ಗೊತ್ತಿರುವುದಿಲ್ಲ. ಗೊತ್ತಿರಬೇಕು ಎಂದು ಹದಿನೇಳರಲ್ಲಿ ಕೇಳುವುದೂ ನ್ಯಾಯವಲ್ಲ. ನಾಟಕ ಶಾಲೆಯ ದಿನ ಮೈ ಪಳಗಿಸುವುದರಿಂದ ಶುರುವಾಗುತ್ತದೆ. ಉಸಿರು, ದನಿ, ಉಚ್ಚಾರಣೆಯ ಸಾಧನೆ, ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳಿ ನೋಡುವುದು, ಕಳರಿಯೋ ಯಕ್ಷಗಾನವೋ ತೆರುಕ್ಕೂತ್ತೋ, ಆ ಪ್ರಾಂತದ ಒಂದು ಕಲೆಯನ್ನು ಅಡಿಪಾಯದಿಂದ ಕಲಿಯುವುದು, ಸಂಜೆ ರಿಹರ್ಸಲ್. ಸೆಟ್ಟು ಹೊರುವುದು, ಲೈಟು ಕಟ್ಟುವುದು, ಆಟ ಮುಗಿದ ಮೇಲೆ ರಂಗ ಗುಡಿಸುವುದು ಎಲ್ಲ ಪಾಠದೊಳಗೇ ಬರುತ್ತದೆ. ತಾನು ಏನನ್ನು ಕಲಿಯಲು ಬಂದೆ ಎಂದು ಗೊತ್ತಿದ್ದವರಿಗೆ ಇದು ಹಬ್ಬ. ಬರಿಯ ಚಪ್ಪಾಳೆಗೆ ಬಂದವರಿಗೆ ಮೊದಲ ತಿಂಗಳೇ ಭಾರ. ಮೂರು ವರ್ಷದಲ್ಲಿ ಅವಳು ಏಳೆಂಟು ನಾಟಕ ಮಾಡಲಿ, ಅದರಲ್ಲಿ ಒಂದೆರಡರಲ್ಲಾದರೂ ಪಾರ್ಟು ಸಿಗದೆ ತೆರೆಯ ಹಿಂದೆ ದುಡಿಯಲಿ. ಆಮೇಲೂ ಹಟ ಉಳಿದಿದ್ದರೆ ನೀವು ತಡೆಯಬೇಡಿ. ಈಗಲೇ ತ್ರಿಶೂರಿಗೆ ಹೋಗುತ್ತೇನೆಂದರೆ ಅದು ತಪ್ಪೇನಲ್ಲ. ಆದರೆ ಮಲಯಾಳದಲ್ಲಿ ಪಾಠ ಕೇಳಿ ಪಾತ್ರ ಮಾಡಬೇಕಾಗುತ್ತದೆ ಎಂಬುದನ್ನು ಯೋಚಿಸಲಿ.

ಬಿ.ವಿ. ಕಾರಂತರ ಬದುಕು ಇದೇ ಕ್ರಮದಲ್ಲಿ ಸಾಗಿತು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರನ್ನು ಕಾಶಿಗೆ ಓದಲು ಕಳಿಸಿದ್ದು ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರೇ. ಬನಾರಸ್‌ನಲ್ಲಿ ಹಿಂದಿ ಎಂ.ಎ., ಅದರ ನಂತರ ದೆಹಲಿಯ ನಾಟಕ ಶಾಲೆ. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಊರೂರು ತಿರುಗಿ ನಾಟಕ ಆಡಿಯೇ ಬದುಕಿದ ವೀರಣ್ಣನವರಿಗೆ ಓದಿನ ಬೆಲೆ ಗೊತ್ತಿತ್ತು.

ಪದವಿಯ ಮೂರು ವರ್ಷ ಆಂಡಿಪಟ್ಟಿಯಲ್ಲಿ ಏನು ನಾಟಕ ಎನ್ನುತ್ತೀರಾ? ನಿಮ್ಮ ಸೀಮೆಯಷ್ಟು ನಾಟಕ ತುಂಬಿದ ಜಾಗ ಕಡಿಮೆ. ದೇವಸ್ಥಾನದ ಹಬ್ಬಕ್ಕೆ ರಾತ್ರಿಯಿಡೀ ನಡೆಯುವ ‘ವಳ್ಳಿ ತಿರುಮಣಂ’ ನೀವೂ ನೋಡಿರುತ್ತೀರಿ. ಅದಕ್ಕೆ ಸ್ಪೆಷಲ್ ನಾಟಕ ಎನ್ನುತ್ತಾರೆ. ಕಂಪನಿ ಇಲ್ಲ, ಮುಂಚಿತವಾಗಿ ರಿಹರ್ಸಲ್ ಇಲ್ಲ. ರಾಜಪಾರ್ಟು, ಸ್ತ್ರೀಪಾರ್ಟು, ಬಫೂನು, ಹಾರ್ಮೋನಿಯಂ, ಮೃದಂಗ, ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಬುಕ್ ಮಾಡಿ ಕರೆಸುತ್ತಾರೆ. ಎಷ್ಟೋ ಸಲ ಅವರು ಒಬ್ಬರನ್ನೊಬ್ಬರು ಕಾಣುವುದು ಅದೇ ರಾತ್ರಿ ಚಪ್ಪರದಲ್ಲಿ. ಹಾಗಿದ್ದೂ ಬೆಳಗಿನವರೆಗೆ ಆಟ ತಪ್ಪುವುದಿಲ್ಲ. ಶಂಕರದಾಸ ಸ್ವಾಮಿಗಳು (1867–1922) ಬರೆದುಕೊಟ್ಟ ಹಾಡು, ಮಾತು ಎಲ್ಲರ ನಾಲಗೆಯ ಮೇಲೂ ಇರುವುದೇ ಅದಕ್ಕೆ ಕಾರಣ. ಪುದುಚೇರಿಯ ವಿಭಾಗಕ್ಕೆ ಇಟ್ಟದ್ದು ಇವರ ಹೆಸರನ್ನೇ. ಮಗಳನ್ನು ಕರೆದುಕೊಂಡು ಹೋಗಿ ಕೊನೆಯವರೆಗೂ ಕೂರಿಸಿ. ನಡುರಾತ್ರಿ ಕಳೆದು ಜನ ತೂಕಡಿಸುವಾಗ ಸ್ತ್ರೀಪಾರ್ಟಿನವರು ಸಭೆಯನ್ನು ಹೇಗೆ ಎಬ್ಬಿಸುತ್ತಾರೆ, ದನಿಯನ್ನು ಬೆಳಗಿನವರೆಗೆ ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ಗಮನಿಸಲಿ. ಸಾಧ್ಯವಾದರೆ ಮಾತಾಡಿಸಿ ಬರಲಿ.

ದಿಂಡಿಗಲ್ ಹಾದಿಯಲ್ಲಿ, ನಮ್ಮ ನೇಕಾರ ದೇವಾಂಗದವರು ತುಂಬಿರುವ ಚಿನ್ನಾಳಪಟ್ಟಿಯ ಮಗ್ಗುಲಲ್ಲೇ ಗಾಂಧಿಗ್ರಾಮವಿದೆಯಲ್ಲ, 1970ರ ದಶಕದ ಕೊನೆಯಲ್ಲಿ ಅಲ್ಲಿ ನಡೆದ ದೀರ್ಘ ನಾಟಕ ಶಿಬಿರದಿಂದ ತಮಿಳಿನ ಹೊಸ ರಂಗಭೂಮಿಗೆ ದೊಡ್ಡ ಬಲ ಬಂತು. ಅದರಲ್ಲಿ ಕಲಿಸಿದ ಎಸ್. ರಾಮಾನುಜಂ ಮುಂದೆ ತಂಜಾವೂರಿನಲ್ಲಿ ನಾಟಕದ ಮೇಷ್ಟರಾದರು. ಇನ್ನು ಪದವಿ ಕಾಲೇಜಿನ ಮಾತು: ಈಗ ಮಧುರೈಗೆ ನಿಮ್ಮೂರ ಸ್ಟೇಷನ್ನಿನಿಂದ ರೈಲೂ ಇದೆ, 2022ರಲ್ಲಿ ಮತ್ತೆ ಶುರುವಾಯಿತು. ಅಲ್ಲಿನ ಅಮೆರಿಕನ್ ಕಾಲೇಜು, ಹೆಣ್ಣುಮಕ್ಕಳ ಲೇಡಿ ಡೋಕ್ ಕಾಲೇಜು ಹಳೆಯ, ಒಳ್ಳೆಯ ಕಾಲೇಜುಗಳು. ಯಾವುದಕ್ಕೆ ಸೇರಿಸುವುದಾದರೂ ನಾಟಕ ಆಡಿಸುವ ಮೇಷ್ಟರು ಅಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿ.

ಅತ್ತೆಯವರ ವಿಷಯ. ಅವರ ಮೇಲೆ ಸಿಟ್ಟಾಗಬೇಡಿ. ರಾತ್ರಿ ಹೊತ್ತು ಊರೂರು ತಿರುಗಿ ಆಡುವ ಹೆಂಗಸರನ್ನು ಜನ ಎಷ್ಟು ಹೀನಾಯವಾಗಿ ಆಡಿಕೊಂಡರು ಎಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಮೊಮ್ಮಗಳ ಮೇಲಿನ ಭಯ ಅವರ ಬಾಯಲ್ಲಿ ಹಾಗೆ ಬಂದಿದೆ. ಆದರೆ ‘ಕೂತ್ತಾಡಿ’ ಎಂಬ ಆ ಬೈಗುಳ ಅನ್ಯಾಯದ್ದು. 1984ರಲ್ಲಿ ಅಮೆರಿಕದ ಆಸ್ಪತ್ರೆಯಲ್ಲಿ ಮಲಗಿದ್ದ ಎಂ.ಜಿ.ಆರ್. ಅವರನ್ನು ಗೆಲ್ಲಿಸಿದ್ದು ನಿಮ್ಮ ಆಂಡಿಪಟ್ಟಿ. 2002ರಲ್ಲಿ, 2006ರಲ್ಲಿ ಜಯಲಲಿತಾ ಅವರನ್ನು ಗೆಲ್ಲಿಸಿದ್ದೂ ಅದೇ. ಎಂ.ಜಿ.ಆರ್. ಚಿಕ್ಕ ಹುಡುಗನಾಗಿ ನಾಟಕ ಕಂಪನಿ ಸೇರಿ ಬೆಳೆದವರು. ಪರದೆಯ ಮೇಲಿನವರಿಗೆ ವೋಟು, ಚಪ್ಪರದಲ್ಲಿ ಕುಣಿಯುವವಳಿಗೆ ಬೈಗುಳ ಎಂದರೆ ಹೇಗೆ? ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ದೆಹಲಿಯ ಶಾಲೆಯಲ್ಲಿ ಕಲಿತು ಬಂದು ನಟಿಸಿದರು, ನಿರ್ದೇಶಿಸಿದರು, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಇದನ್ನು ಅತ್ತೆಯವರಿಗೆ ನಿಧಾನವಾಗಿ, ಮಗಳ ಎದುರಿಗೇ ಹೇಳಿ.

ಅವಳ ಕನ್ನಡಕ್ಕೆ ನಗುವ ನೆಂಟರ ಮಾತು ಬಿಟ್ಟುಬಿಡಿ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇವತ್ತಿಗೂ ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಅಲ್ಲಿಂದ ಬಂದವರು ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದರು, ಅವರ ಕನ್ನಡ ಕೇಳುವುದಕ್ಕೆಂದೇ ಜನ ಥಿಯೇಟರಿಗೆ ಹೋದರು. ಎರಡು ಭಾಷೆ ನಾಲಗೆಯಲ್ಲಿರುವ ನಟಿಗೆ ಎರಡು ರಂಗಭೂಮಿ ತೆರೆದಿರುತ್ತದೆ. ಒಂದು ಕೊರತೆ ಮಾತ್ರ ತುಂಬಬೇಕು: ಅವಳಿಗೆ ಕನ್ನಡ ಓದಲು, ಬರೆಯಲು ಬರದಿದ್ದರೆ ನೀವೇ ಕಲಿಸಿ. ಹೆಗ್ಗೋಡಿಗೋ ಮೈಸೂರಿಗೋ ಹೋಗುವುದಾದರೆ ನಾಟಕದ ಪ್ರತಿಯನ್ನು ಅವಳೇ ಓದಬೇಕಾಗುತ್ತದೆ.

ಅನ್ನದ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲಾರೆ. ಬರೀ ನಾಟಕದಲ್ಲಿ ನಟಿಸಿ ತಿಂಗಳ ಖರ್ಚು ತೂಗಿಸುವವರು ತಮಿಳಿನಲ್ಲೂ ಕನ್ನಡದಲ್ಲೂ ಕಡಿಮೆ. ರೆಪರ್ಟರಿಗಳು, ನೀನಾಸಂ ತಿರುಗಾಟದಂಥ ತಂಡಗಳು ಸಂಬಳ ಕೊಡುತ್ತವೆ, ಆದರೆ ಅಲ್ಲಿ ಜಾಗ ಕೆಲವೇ. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವುದು, ಡಬ್ಬಿಂಗು, ಧಾರಾವಾಹಿ, ಶಿಬಿರ, ಹೀಗೆ ನಾಲ್ಕು ಕಡೆಯಿಂದ ಸೇರಿಸಿ ಬದುಕುವವರೇ ಹೆಚ್ಚು. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕದ ಮೇಷ್ಟರುಗಳಿದ್ದಾರೆ. ತಮಿಳಿನ ಮುಖ್ಯ ನಿರ್ದೇಶಕಿ ಅ. ಮಂಗೈ ಚೆನ್ನೈನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ನಾಟಕ ಕಟ್ಟಿದವರು. ನಿಮ್ಮ ಯಜಮಾನರು ಪದವಿಗೆ ಒತ್ತಾಯಿಸುವುದರಲ್ಲಿ ಈ ಲೆಕ್ಕವಿದೆ. ಅವರು ಶತ್ರುವಲ್ಲ ಎಂದು ಮಗಳಿಗೆ ತಿಳಿಸಿ ಹೇಳುವ ಕೆಲಸ ನಿಮ್ಮದು.

ಸುರಕ್ಷತೆಯ ಬಗ್ಗೆ ನೀವು ಬರೆದಿಲ್ಲ, ಆದರೆ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಸಿನಿಮಾದಲ್ಲಿ ಹೆಣ್ಣುಮಕ್ಕಳು ಪಡುವ ಕಷ್ಟ ಎಲ್ಲರಿಗೂ ಗೊತ್ತಾಯಿತು. ವಿಶ್ವವಿದ್ಯಾಲಯದಲ್ಲಿ ಓದುವುದರಿಂದ ಒಂದು ಅನುಕೂಲವಿದೆ: 2013ರ ಕಾನೂನಿನಂತೆ ಅಲ್ಲಿ ದೂರು ಸಮಿತಿ ಇರಲೇಬೇಕು. ಸೇರಿದ ದಿನವೇ ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಅವಳು ಕೇಳಿ ಬರೆದಿಟ್ಟುಕೊಳ್ಳಲಿ. ಆಡಿಷನ್ ಎಂದು ಯಾರಾದರೂ ಕರೆದರೆ ಒಬ್ಬಳೇ ಹೋಗಬಾರದು, ಹಣ ಕಟ್ಟಬಾರದು.

ಈಗ ಮಾಡಬೇಕಾದ ಕೆಲಸ ಒಂದಿದೆ. ಆರನೇ ತರಗತಿಯಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿದ್ದರೆ, ನಿಮ್ಮ ರಾಜ್ಯದ ‘ಪುದುಮೈ ಪೆಣ್’ ಯೋಜನೆಯಲ್ಲಿ ಪದವಿ ಮುಗಿಯುವವರೆಗೆ ಅವಳ ಖಾತೆಗೆ ತಿಂಗಳಿಗೆ 1000 ರೂಪಾಯಿ ಬರುತ್ತದೆ. ಕಾಲೇಜಿಗೆ ಸೇರಿಸುವಾಗಲೇ ಅರ್ಜಿ ಹಾಕಿಸಿ. ಆ ಹಣವನ್ನು ಮನೆ ಖರ್ಚಿಗೆ ತೆಗೆಯಬೇಡಿ. ಮಧುರೈಗೆ ನಾಟಕ ನೋಡಲು ಹೋಗುವ ಚಾರ್ಜಿಗೆ, ಪುಸ್ತಕಕ್ಕೆ, ಮೂರು ವರ್ಷದ ಮೇಲೆ ಸಂದರ್ಶನಕ್ಕೆಂದು ಪುದುಚೇರಿಗೋ ಮೈಸೂರಿಗೋ ಹೊರಡುವಾಗ ಟಿಕೆಟ್ಟಿಗೆ ಅದು ಬೇಕಾಗುತ್ತದೆ. ಆ ಸಂದರ್ಶನಕ್ಕೆ ಅವಳ ಜೊತೆ ಅಪ್ಪನೇ ಹೋಗಿ ಬರಲಿ.